ಶಾಲೆ ಬಯಲಲ್ಲಿ ನಾನು ಡಾಲ್ಫಿನ್ ಆದದ್ದು

ನಮ್ಮ ಮೊಮ್ಮಗಳಿಗೆ ಕೆಲಸ ಆಯ್ತು! ಇದನ್ನು ಮೊದಲು ಹೇಳಿಬಿಟ್ಟರೇ ನನಗೆ ಸಮಾಧಾನ. ಸಮುದ್ರದ ದಡಕ್ಕೆ ಬಂದು ಬೀಳುವ ಡಾಲ್ಫಿನ್ನು, ತಿಮಿಂಗಿಲ ಇಂಥವನ್ನು ಕಾಪಾಡುವುದು, ಸತ್ತದ್ದಾದರೆ ಯಾಕೆ ಸತ್ತಿತು ಅಂತ ನೋಡುವುದು, ಜನಕ್ಕೆ ತಿಳುವಳಿಕೆ ಹೇಳುವುದು, ಇದು ಕೆಲಸ. ಕಲಿಯುವುದಕ್ಕೆ ಅಂತ ಹೋದವಳನ್ನು ಅಲ್ಲೇ ಇಟ್ಟುಕೊಂಡರು. ಆ ಮಾತನ್ನು ಅವಳ ಮೇಡಮ್ಮು ನಮ್ಮ ಹೊಳೆನರಸೀಪುರದ ಶಾಲೆ ಬಯಲಲ್ಲೇ ಹೇಳಿದರು. ನಾನು ಆಗ ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಅದು ಸಂತೋಷಕ್ಕೆ ಬಂತೋ ನಾಚಿಕೆಗೆ ಬಂತೋ ಇವತ್ತಿಗೂ ಬಿಡಿಸಿ ಹೇಳಲಾರೆ. ಈಗಲೂ ಆ ಬಯಲಿನ ಪಕ್ಕ ಸೈಕಲ್ಲಲ್ಲಿ ಹೋಗುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡೇ ತುಳಿಯುತ್ತೇನೆ.

ನಾನು ಓದಿದ್ದು ಹಳ್ಳಿಮೈಸೂರಿನಲ್ಲಿ, ನಾಲ್ಕನೇ ಕ್ಲಾಸು. ಆಮೇಲೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಶಾಪು ಇಟ್ಟೆ. ಪಂಕ್ಚರ್ ಹಾಕುವುದು, ಬ್ಲೋ ಹೊಡೆಯುವುದು, ಬಾಡಿಗೆ ಸೈಕಲ್ಲು. ಸಮುದ್ರ ನಾನು ನೋಡಿದವನಲ್ಲ. ನನಗೆ ಗೊತ್ತಿದ್ದ ದೊಡ್ಡ ನೀರು ಅಂದರೆ ಗೊರೂರು ಡ್ಯಾಮಿನದು. ಮಗ ಅರಕಲಗೂಡಿನಲ್ಲಿ ಮೇಷ್ಟ್ರು, ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಬರುತ್ತಿದ್ದ. ಸೊಸೆ, ಮೊಮ್ಮಗಳು, ನಾನು, ನನ್ನ ಹೆಂಡತಿ ಇಲ್ಲಿ. ಮೊಮ್ಮಗಳು ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ ಮುಂದಿನ ಓದಿಗೆ ಘಟ್ಟದ ಕೆಳಗೆ ಹೋದಳು. ಮಗನಿಗೆ ಅದು ಅಷ್ಟು ಇಷ್ಟವಿರಲಿಲ್ಲ. ಅಲ್ಲಿ ಓದು ಮುಗಿದ ಮೇಲೆ ಕೆಲಸ ಸಿಕ್ಕದಿದ್ದರೆ ಹಾಸನಕ್ಕೆ ಬಂದು ಬಿ.ಎಡ್. ಸೇರಬೇಕು, ಅದಕ್ಕೆ ಒಪ್ಪಿದರೆ ಹೋಗು ಅಂದಿದ್ದ. ಅವಳು ಒಪ್ಪಿ ಹೋಗಿದ್ದಳು.

ಒಂದು ದಿನ ಸಂತೆ ಗಲಾಟೆಯಲ್ಲಿ ನನ್ನ ಅಂಗಡಿ ಮುಂದಿನ ಕಾಯಿನ್ ಬಾಕ್ಸ್ ಫೋನು ಹೊಡೆದುಕೊಂಡಿತು. ಅವಳೇ.

"ತಾತಾ, ನಂಗೆ ಇಂಟರ್ನ್‌ಶಿಪ್ ಸಿಕ್ತು!"

ಹಿಂದೆ ಚನ್ನರಾಯಪಟ್ಟಣದ ಬಸ್ಸಿನವನು ಹಾರ್ನ್ ಒತ್ತಿಕೊಂಡೇ ನಿಂತಿದ್ದ.

"ಏನ್ ಸಿಕ್ತು ಮಗಾ?"

"ಶಿಪ್ಪು ತಾತ, ಇಂಟರ್ನ್‌ಶಿಪ್ಪು! ಸಮುದ್ರದ ಅತ್ರ. ಕೆಲವು ತಿಂಗ್ಳು ಇಲ್ಲೇ ಇರ್ತೀನಿ."

ಶಿಪ್ಪು ಅಂದರೆ ಹಡಗು ಅಂತ ನನಗೂ ಗೊತ್ತು. ಇಂಟರ್ನ್ ಅನ್ನುವುದು ಆ ಹಡಗಿನ ಹೆಸರಿರಬೇಕು ಅಂದುಕೊಂಡೆ. ಫೋನು ಇಟ್ಟವನೇ ಪಂಪು ಕೈಯಲ್ಲಿ ಹಿಡಿದುಕೊಂಡೇ ರಸ್ತೆಗೆ ಇಳಿದು ಕೂಗಿದೆ, "ನಮ್ಮ ಕೂಸಿಗೆ ಅಡಗಲ್ಲಿ ಕೆಲ್ಸ ಆಯ್ತು ಕಣ್ರಲಾ!" ಟೀ ಅಂಗಡಿಯವನು ಕೇಳಿದ, ಕ್ಷೌರದವನು ಕೇಳಿದ, ಬಸ್ ಕಂಡಕ್ಟರ್ ಕೇಳಿದ. ಕಂಡಕ್ಟರ್ ಕೇಳಿದ ಮೇಲೆ ಚನ್ನರಾಯಪಟ್ಟಣಕ್ಕೆ ಮುಟ್ಟುವುದು ಎಷ್ಟು ಹೊತ್ತು? ಅಲ್ಲಿ ನನ್ನ ಮಗಳನ್ನು ಕೊಟ್ಟ ಬೀಗರಿದ್ದಾರೆ. ಅವರ ಮನೆಯಲ್ಲಿ ಇಬ್ಬರು ಬ್ಯಾಂಕಿನಲ್ಲಿ. ಹಬ್ಬಕ್ಕೆ ಹೋದಾಗಲೆಲ್ಲ ಬ್ಯಾಂಕಿನ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಈ ಸಲ ನಾನು ಹೋಗಿ, ಎಲೆ ಮುಂದೆ ಕೂತು, ಹಡಗಿನ ಮಾತು ಹೇಳಿದೆ. ಕೇಳಿದವರು ಒಂದು ಕೇಳಿದರೆ ನಾನು ಎರಡು ಹೇಳುತ್ತಿದ್ದೆ.

"ಆಫೀಸರಾ?" ಅಂದರು ಬೀಗರು.

"ಮತ್ತೆ? ಓದಿರೋ ಕೂಸನ್ನ ನೆಲ ಒರ್ಸಕ್ಕೆ ಇಟ್ಕೊತಾರಾ?"

ಮಗ ಭಾನುವಾರ ಬಂದವನು "ಅದು ಟ್ರೈನಿಂಗು ಅಪ್ಪ" ಅಂದ. ಹಡಗಿನ ಟ್ರೈನಿಂಗು ಅಂತ ಸೇರಿಸಿಕೊಂಡೆ. ಅವನಿಗೆ ಮಾತು ಕಮ್ಮಿ. ನನಗೆ ಜಾಸ್ತಿ. ಮೊಮ್ಮಗಳು ಫೋನು ಮಾಡಿದಾಗ "ಅಡಗು ಎಂಗದೆ ಮಗಾ?" ಅಂತ ಕೇಳಿದರೆ "ದೂರದಲ್ಲಿ ಓಗ್ತಿರ್ತವೆ ತಾತ, ರಾತ್ರಿ ದೀಪ ಕಾಣ್ತವೆ" ಅನ್ನುತ್ತಿದ್ದಳು. ಅಲ್ಲಿಗೆ ನನಗೆ ಇನ್ನೂ ಗಟ್ಟಿಯಾಯಿತು.

ಒಂದು ಸಲ ಮಾತ್ರ ಅವಳ ದನಿ ಸರಿಯಿರಲಿಲ್ಲ. ಏನು ಅಂದೆ. ದಡಕ್ಕೆ ಒಂದು ಡಾಲ್ಫಿನ್ ಬಂದು ಬಿದ್ದಿತ್ತಂತೆ, ಜೀವ ಇತ್ತಂತೆ. ಇವರು ಹೋಗುವಷ್ಟರಲ್ಲಿ ಟೂರ್ ಬಸ್ಸಿನ ಜನ ಇಳಿದು ಮುತ್ತಿಕೊಂಡಿದ್ದರಂತೆ. ಒಬ್ಬರು ಅರಿಶಿನ ಕುಂಕುಮ ಹಾಕಿದ್ದಾರೆ, ಒಬ್ಬರು ಕಾಯಿ ಒಡೆದಿದ್ದಾರೆ, ಒಬ್ಬರು ಪಾಪ ಬಾಯಾರಿದೆ ಅಂತ ತಲೆ ಮೇಲಿನ ತೂತಿಗೆ ಬಾಟಲಿ ನೀರು ಹೊಯ್ದಿದ್ದಾರೆ. ಅದಕ್ಕೆ ಮೂಗು ಅಲ್ಲೇ ಇರುವುದಂತೆ. ಉಳಿದವರು ಇವರ ಎದುರೇ ಬಾಲ ಹಿಡಿದು ನೀರಿಗೆ ಎಳೆದಿದ್ದಾರೆ. ಬಾಲದ ಬುಡ ಮುರಿದು ಅದು ಅಲ್ಲೇ ಸತ್ತುಹೋಯಿತು.

"ಅಯ್ಯೋ ಪಾಪ. ಯಾವೂರಿನವ್ರು ಆ ಮುಂಡೇವು?"

"ನಮ್ಮ ಕಡೆಯವ್ರೇ ತಾತ. 'ಎಳೀರ್ಲಾ, ಇನ್ನೊಸಿ ಎಳೀರ್ಲಾ' ಅಂತಿದ್ರು. ನಿನ್ನ ಮಾತೇ. ಎಲ್ಲರ ಮುಂದೆ ಮೇಡಂ ನನ್ನ ಮುಖ ನೋಡಿದ್ರು."

ನನಗೆ ಅಂಗಡಿಯೊಳಗೆ ಕೂತಿದ್ದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿತು.

ಅದಾದ ಮೇಲೆ ಮೇಡಂ ಅವಳಿಗೆ ಹೇಳಿದರಂತೆ: ಧರ್ಮಸ್ಥಳಕ್ಕೆ ಬಂದವರೆಲ್ಲ ಸಮುದ್ರ ನೋಡಿಕೊಂಡು ಹೋಗುತ್ತಾರೆ, ಶಾಲೆ ಪ್ರವಾಸದ ಬಸ್ಸುಗಳೂ ಬರುತ್ತವೆ, ಅವರು ಇಲ್ಲಿ ಇಳಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಹೊರಡುವ ಮುಂಚೆಯೇ ಹೇಳಬೇಕು. ನಿನ್ನೂರಿನಲ್ಲೇ ಒಂದು ಕಾರ್ಯಕ್ರಮ ಮಾಡು, ನಾನೂ ಬಂದು ನೋಡುತ್ತೇನೆ. ಜನರನ್ನು ಹಿಡಿದು ನಿಲ್ಲಿಸಲು ನಿನಗೆ ಬಂದರೆ ನಿನ್ನನ್ನು ಇಟ್ಟುಕೊಳ್ಳುತ್ತೇವೆ. ಬಾರದಿದ್ದರೆ ಸರ್ಟಿಫಿಕೇಟು ಕೊಟ್ಟು ಕಳಿಸುತ್ತೇವೆ. ಅವಳ ಪಾಲಿಗೆ ಅದೇ ಪರೀಕ್ಷೆ. ನಾಪಾಸಾದರೆ ಹಾಸನ, ಬಿ.ಎಡ್. ಹಡಗಿನವರಿಗೆ ಇಂಥ ಪರೀಕ್ಷೆಯೂ ಇರುತ್ತದೆ ಅಂದುಕೊಂಡೆ.

"ತಾತ, ಒಂದು ಗೋಣಿಚೀಲಕ್ಕೆ ಉಲ್ಲು ತುಂಬಿ ಒಲ್ದು ಇಟ್ಟಿರು. ಡಾಲ್ಫಿನ್ ಅಂತ ತೋರ್ಸಕ್ಕೆ. ಅಷ್ಟು ಸಾಕು."

ಹಡಗಿನ ಆಫೀಸರು ಊರ ಮುಂದೆ ಗೋಣಿಚೀಲ ಇಟ್ಟುಕೊಂಡು ನಿಲ್ಲುವುದೇ? ನಾನು ರಾಮನಾಥಪುರದ ಹೊಗೆಸೊಪ್ಪಿನ ಲಾರಿಯವನಿಂದ ಹಳೇ ಟ್ಯೂಬು ತರಿಸಿದೆ. ಕತ್ತರಿಸಿ ಉದ್ದ ಮಾಡಿ, ಎರಡು ತುದಿ ಮುಚ್ಚಿ ಅಂಟಿಸಿ, ಬಾಲಕ್ಕೆ ಬೇರೆ ತುಂಡು, ರೆಕ್ಕೆಗೆ ಬೇರೆ ತುಂಡು. ಮೂಗು ತಲೆ ಮೇಲೆ ಅಂದಿದ್ದಳಲ್ಲ, ವಾಲ್ವನ್ನು ಸರಿಯಾಗಿ ಅಲ್ಲಿಗೇ ಬರುವ ಹಾಗೆ ಕೂರಿಸಿದೆ. ಗಾಳಿ ಹೊಡೆದರೆ ಕರ್ರಗೆ, ನುಣ್ಣಗೆ, ಎಮ್ಮೆ ಕರು ಮಲಗಿದ ಹಾಗೆ ಕಾಣಿಸಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇದ್ಕೆ ದೃಷ್ಟಿ ತೆಗೀಬೇಕಾ?" ಅಂದಳು.

"ನಗಾಡ್ತೀಯಾ? ನಾಳೆ ನೋಡು, ಊರೇ ಬಾಯಿ ಬಿಡ್ತದೆ."

ಮಾರನೇ ದಿನ ಬೆಳಿಗ್ಗೆ ಅದನ್ನು ತಳ್ಳುಗಾಡಿ ಮೇಲೆ ಇಟ್ಟು ಪೇಟೆ ಬೀದಿಯಲ್ಲೆಲ್ಲ ಒಂದು ಸುತ್ತು ಮೆರವಣಿಗೆ ಮಾಡಿಸಿ, ಶಾಲೆ ಬಯಲಿಗೆ ತಂದಿಟ್ಟು ಬಟ್ಟೆ ಮುಚ್ಚಿದೆ. ದುಂಡಗೆ ಕಾಣಲಿ ಅಂತ ದಾರಿಯಲ್ಲಿ ಮತ್ತೆ ಮತ್ತೆ ಗಾಳಿ ಹೊಡೆದೆ. ಬಿಗಿ ಮಾಡಿದ ಟ್ಯೂಬನ್ನು ಬಿಸಿಲಲ್ಲಿ ಇಡಬಾರದು ಅಂತ ನನ್ನ ಅಂಗಡಿಗೆ ಬಂದ ಶಾಲೆ ಹುಡುಗರಿಗೆಲ್ಲ ನಾನೇ ಬೈದು ಹೇಳುತ್ತಿದ್ದೆ. ಆವತ್ತು ನೆನಪಾಗಲಿಲ್ಲ.

ಮೊಮ್ಮಗಳು ಮೇಡಂ ಜೊತೆ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬಂದು, ಅಲ್ಲಿಂದ ನೇರ ಶಾಲೆಗೇ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು. ಸಮುದ್ರದ ಗಾಳಿ ಅಂತ ಜನಕ್ಕೆ ಹೇಳಿದೆ. ಬೀಗರು ಚನ್ನರಾಯಪಟ್ಟಣದಿಂದ ಶಾಲು, ಹಾರ ಎಲ್ಲಾ ತಂದಿದ್ದರು. ಮಗ ರಜೆ ಹಾಕಿ ಬಂದಿದ್ದ. ಶಾಲೆ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಬಸ್ ಸ್ಟ್ಯಾಂಡಿನ ಜನ, ನನ್ನ ಗಿರಾಕಿಗಳು, ಎಲ್ಲರೂ ಸೇರಿದ್ದರು. ಅಷ್ಟು ಜನರನ್ನು ಕರೆದವನು ನಾನೇ. ಮುಂದಿನ ಸಾಲಿನ ಕುರ್ಚಿಯಲ್ಲಿ ಇಸ್ತ್ರಿ ಪಂಚೆ ಉಟ್ಟು ಕೂತೆ.

ಹೆಡ್‌ಮಾಸ್ಟರು ಮೈಕು ಹಿಡಿದರು. "ನಮ್ಮೂರ ಹೆಣ್ಣುಮಗಳು, ಹಡಗಿನಲ್ಲಿ ಆಫೀಸರ್ ಆಗಿ, ಇಡೀ ತಾಲ್ಲೂಕಿಗೆ ಕೀರ್ತಿ ತಂದವಳು" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಬೀಗರು ಹಾರ ಹಿಡಿದು ಎದ್ದರು.

ಮೇಡಂ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಮೊಮ್ಮಗಳ ಕಡೆ ತಿರುಗಿ, "ಇದೆಂತದು? ಊರಲ್ಲಿ ಹೀಗೆ ಹೇಳಿಕೊಂಡದ್ದಾ ನೀನು?" ಅಂದರು. ಮೈಕು ಪಕ್ಕದಲ್ಲೇ ಇದ್ದದ್ದರಿಂದ ಅದು ಬಯಲಿಗೆಲ್ಲ ಕೇಳಿಸಿತು.

ಮೊಮ್ಮಗಳ ಮುಖ ಕೆಂಪಾಯಿತು. ನನಗೆ ಆಗಲೂ ತಿಳಿಯಲಿಲ್ಲ ನೋಡಿ. ಮೇಡಮ್ಮಿಗೆ ಸರಿಯಾಗಿ ಕೇಳಿಸಿಲ್ಲ ಅಂತ ಎದ್ದು ನಿಂತು ಗಟ್ಟಿಯಾಗಿ ಹೇಳಿದೆ, "ಊಂ ಕಣಮ್ಮಾ! ಇಂಟರ್ನ್ ಅಂತ ಅಡಗು! ಇಂಟರ್ನ್ ಶಿಪ್ಪು!"

ಮೇಷ್ಟ್ರುಗಳು ಮೊದಲು ನಕ್ಕರು. ಆಮೇಲೆ ಹೈಸ್ಕೂಲು ಮಕ್ಕಳು. ಮೊಮ್ಮಗಳು ಕಣ್ಣು ಮುಚ್ಚಿಕೊಂಡಳು. ತೆರೆದು, ಮೈಕು ತೆಗೆದುಕೊಂಡು ಹೇಳಿದಳು, "ನಾನು ಆಫೀಸರ್ ಅಲ್ಲ. ಹಡಗು ಹತ್ತಿದವಳೂ ಅಲ್ಲ. ಇಂಟರ್ನ್‌ಶಿಪ್ ಅಂದ್ರೆ ಕೆಲಸ ಕಲಿಯೋದು. ನಾನು ದಡದಲ್ಲಿ ಇರೋಳು. ಸತ್ತ ಡಾಲ್ಫಿನ್ ಕುಯ್ದು ನೋಡ್ತೀನಿ, ನಾತ ಹೋಗೋ ಹಾಗೆ ಕೈ ತೊಳಿತೀನಿ, ಆಮೇಲೆ ಊಟ ಮಾಡ್ತೀನಿ. ನಮ್ಮ ತಾತನಿಗೆ ಶಿಪ್ ಅಂತ ಕೇಳಿಸಿದೆ. ನನ್ನ ತಪ್ಪು, ಬಿಡಿಸಿ ಹೇಳಬೇಕಿತ್ತು."

ಬೀಗರು ಹಾರ ಹಿಡಿದುಕೊಂಡೇ ಕೂತರು. ಹಿಂದಿನಿಂದ ಟೀ ಅಂಗಡಿಯವನು, "ಅಣ್ಣೋ, ಅಡಗು ಮುಳುಗ್ತಲ್ಲೋ!" ಅಂತ ಕೂಗಿದ. ನನಗೆ ಕಿವಿಯಿಂದ ಬಿಸಿ ಹೊರಟಿತು. ತಲೆ ತಗ್ಗಿಸಿ ನನ್ನ ಕಾಲ ಬೆರಳು ನೋಡುತ್ತಾ ಕೂತೆ. ಮೇಡಂ ಕಡೆ ನೋಡುವ ಧೈರ್ಯ ಬರಲಿಲ್ಲ. ಕೂಸಿನ ಕೆಲಸ ಹೋಯಿತು, ನಾನೇ ಕಳೆದೆ ಅಂತ ಲೆಕ್ಕ ಹಾಕಿಬಿಟ್ಟಿದ್ದೆ.

ಅವಳು ಹೇಗೋ ಸುಧಾರಿಸಿಕೊಂಡು ಶುರು ಮಾಡಿದಳು. ಡಾಲ್ಫಿನ್ ಮೀನಲ್ಲ, ನಮ್ಮ ಹಸುವಿನ ಹಾಗೆ ಮರಿ ಹಾಕಿ ಹಾಲು ಕುಡಿಸುತ್ತದೆ, ನೀರಿನ ಮೇಲೆ ಬಂದು ಉಸಿರಾಡುತ್ತದೆ ಅಂದಳು. "ಈಗ ನಮ್ಮ ತಾತ ಮಾಡಿರೋ ಡಾಲ್ಫಿನ್ ನೋಡಿ" ಅಂತ ಟ್ಯೂಬಿನ ಮೇಲೆ ಹಾಕಿದ್ದ ಬಟ್ಟೆ ಎಳೆದಳು. ಅದು ಬೆಳಗಿನಿಂದ ಬಿಸಿಲಲ್ಲಿ ಊದಿ ಊದಿ ಎರಡರಷ್ಟಾಗಿತ್ತು. ಮಕ್ಕಳು "ಹೋ" ಅಂದರು. ಆ "ಹೋ" ಮುಗಿಯುವ ಮುಂಚೆಯೇ ಢಂ ಅಂತ ಬಾಲದ ಅಂಟು ಹಾರಿತು. ಡಾಲ್ಫಿನ್ನು ಒಂದು ಸಲ ಎಗರಿ, ಪರ್ರ್‌ ಅಂತ ಕೆಟ್ಟ ಸದ್ದು ಮಾಡುತ್ತಾ ಹೆಡ್‌ಮಾಸ್ಟರ ಕಾಲ ಹತ್ತಿರ ಹೋಗಿ ಚಪ್ಪಟೆಯಾಯಿತು.

ನಗು ಅಂದರೆ ಅದು ನಗು! ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ತಲೆ ಹಣ್ಣಾಗುವ ತನಕ ಟ್ಯೂಬಿನ ಜೊತೆ ಬದುಕಿದವನ ಟ್ಯೂಬು ಊರ ಮುಂದೆ ಹೀಗೆ ಸದ್ದು ಮಾಡಬೇಕೆ? ಎದ್ದು ಓಡಿಹೋಗೋಣ ಅಂತ ಅರ್ಧ ಎದ್ದೆ.

"ತಾತಾ, ಬಾ ಇಲ್ಲಿ" ಅಂದಳು ಮೊಮ್ಮಗಳು.

ಹೋದೆ.

"ಮಲಕ್ಕೋ."

"ಎಲ್ಲಿ?"

"ಇಲ್ಲೇ, ನೆಲದ ಮೇಲೆ. ಬೋರಲು."

"ಲೇ, ಬೀಗರು ಅವ್ರೆ ಕಣವ್ವಾ."

"ಇರ್ಲಿ ತಾತ. ನಂಗೆ ಡಾಲ್ಫಿನ್ ಬೇಕು. ಇಲ್ದಿದ್ರೆ ನಾನು ಇವತ್ತು ಸೋತೆ." ಅದನ್ನು ಮೈಕಿನಲ್ಲಿ ಹೇಳಲಿಲ್ಲ, ನನ್ನ ಕಿವಿಯಲ್ಲಿ ಹೇಳಿದಳು.

ಮಲಗಿದೆ. ಬಿಳೀ ಷರ್ಟು, ಇಸ್ತ್ರಿ ಪಂಚೆ, ಮುಖ ಮಣ್ಣಿಗೆ. ಮಲಗಿದವನಿಗೆ ಜನರ ಕಾಲು ಮಾತ್ರ ಕಾಣುತ್ತದೆ. ಬೀಗರ ಪಾಲಿಶ್ ಹಾಕಿದ ಬೂಟು ಕಾಣಿಸಿತು. ಮೇಡಂ ಚಪ್ಪಲಿ ಕಾಣಿಸಿತು. ಕಾಲುಗಳೆಲ್ಲ ಹತ್ತಿರ ಹತ್ತಿರ ಬಂದವು.

"ನೀವು ಪ್ರವಾಸ ಹೋಗಿದ್ದೀರಿ. ದಡದಲ್ಲಿ ಇದು ಬಿದ್ದಿದೆ. ಮೊದಲು ಏನು ಮಾಡಬೇಕು? ಒದ್ದೆ ಬಟ್ಟೆ ಹೊದಿಸಬೇಕು, ಮೂಗಿಗೆ ನೀರು ಬೀಳಬಾರದು" ಅಂದಳು. ಮಕ್ಕಳಿಗೆ ಹಬ್ಬವಾಯಿತು. ಬೆನ್ನಿಗೊಂದು ಬೆಡ್‌ಶೀಟು ಹಾಕಿ ಬಕೆಟ್ಟಿನ ನೀರು ಸುರಿದೇ ಸುರಿದರು. ಅವರೆಕಾಯಿ ಕಾಲದ ಚಳಿ, ಮೈ ಜುಂ ಅಂದಿತು. ಪಂಚೆ ಮೈಗೆ ಅಂಟಿಕೊಂಡು ಒಳಗಿನ ಪಟ್ಟಾಪಟ್ಟಿ ಚಡ್ಡಿ ಎದ್ದು ಕಂಡಿತು.

"ಮಿಸ್, ಇದು ಪಟ್ಟೆ ಇರೋ ಜಾತಿಯಾ?" ಅಂತ ಒಬ್ಬ ಹುಡುಗಿ ಕೇಳಿದಳು.

"ಹೂಂ, ಅಂಥದ್ದೂ ಇದೆ" ಅಂದಳು ನನ್ನ ಮೊಮ್ಮಗಳು, ನಗದೆ.

ಸತ್ತುಹೋಗಬಾರದೆ ಅನ್ನಿಸಿತು. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಹುಮ್ಮಸ್ಸಿಗೆ ಬಂದರು. "ನೀರಿಗೆ ಬಿಡಾನ ಬನ್ರಲಾ, ಎಳೀರ್ಲಾ" ಅಂದದ್ದು ಕೇಳಿಸಿತು. ಮಕ್ಕಳಲ್ಲ, ದೊಡ್ಡವರೇ. ನನ್ನ ಎರಡೂ ಪಾದ ಹಿಡಿದು ಎಳೆದರು. ಗದ್ದ ಮಣ್ಣಲ್ಲಿ ಉಜ್ಜಿತು. ಮೊಣಕಾಲು ಕಟ್ ಅಂದಿತು. "ಬಿಡ್ರೋ" ಅಂದರೆ ಬಾಯಿಗೆ ಮಣ್ಣು. ಎಲ್ಲರೂ ಪ್ರೀತಿಯಿಂದಲೇ ಎಳೆಯುತ್ತಿದ್ದರು, ನಗುನಗುತ್ತಾ.

"ಎಳೀಬ್ಯಾಡ್ರಲಾ!"

ಮೊಮ್ಮಗಳು. ಕೈಯಲ್ಲಿ ಮೈಕು ಇರಲಿಲ್ಲ. ಬರೀ ಗಂಟಲು. ನಮ್ಮ ಅವ್ವ ಗದ್ದೆ ಬದುವಿನಲ್ಲಿ ನಿಂತು ದನ ಹೊಡೆಯುವವರನ್ನು ಗದರಿಸುತ್ತಿದ್ದ ದನಿ ಅದು. ಕಾಲು ಹಿಡಿದಿದ್ದವರು ಬಿಟ್ಟುಬಿಟ್ಟರು.

"ಇಂದಕ್ಕೋಗ್ರಲಾ! ಏನ್ ನೋಡ್ತಿದ್ದೀರಿ, ಓಗಿ ಇಂದಕ್ಕೆ! ಬಾಲ ಇಡ್ಕಂಡು ಎಳುದ್ರೆ ಮುರೀತದೆ. ನಮ್ಮೂರ ಕಡೆಯವ್ರೇ ಎಳುದ್ರು, ನನ್ನ ಕಣ್ಮುಂದೆ ಸತ್ತೋಯ್ತು ಅದು. ನಾನು ಅವತ್ತು ಬಾಯಿ ಬಿಟ್ಟು ಮಾತಾಡ್ಲಿಲ್ಲ, ಇವ್ರು ನಮ್ಮೋರು ಅಂತ ಗೊತ್ತಾಗ್ತದೆ ಅಂತ ನಾಚ್ಕಂಡೆ. ಸುಮ್ನೆ ನಿಂತ್ಕಳಿ ಈಗ. ಒಬ್ರೂ ಮಾತಾಡ್ಬ್ಯಾಡಿ. ಅದ್ರ ಉಸ್ರು ಕೇಳುಸ್ಕಳಿ."

ಕಾಲುಗಳೆಲ್ಲ ಹಿಂದಕ್ಕೆ ಸರಿದವು. ನನ್ನ ಸುತ್ತ ಬಯಲು ದೊಡ್ಡದಾಗುತ್ತಾ ಹೋಯಿತು. ಬೂಟು, ಹವಾಯಿ ಚಪ್ಪಲಿ, ಬರಿಗಾಲು ಎಲ್ಲಾ ದೂರದಲ್ಲಿ ಗೆರೆ ಕೊರೆದ ಹಾಗೆ ನಿಂತವು. ಬೀಡಿ ಸೇದಿ ಕೆಟ್ಟ ನನ್ನ ಎದೆ ಗೊರ್ ಗೊರ್ ಅನ್ನುತ್ತಿತ್ತು. ಇಡೀ ಊರು ನಿಂತು ಅದನ್ನು ಕೇಳಿಸಿಕೊಂಡಿತು. ನಾನು ಅಷ್ಟು ನಾಚಿಕೆಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಆದರೆ ಮಾತು ಹೇಗೆ ಹೇಳಲಿ, ಯಾರೂ ನಗುತ್ತಿರಲಿಲ್ಲ. ಮೊಮ್ಮಗಳು ಬಂದು ಒದ್ದೆ ಬೆಡ್‌ಶೀಟನ್ನು ನನ್ನ ಬೆನ್ನ ಮೇಲೆ ಸರಿಮಾಡಿ, ಮೂಗಿನ ಹತ್ತಿರದ ಮಣ್ಣು ಬೆರಳಲ್ಲಿ ಸರಿಸಿ, ಪಕ್ಕದಲ್ಲಿ ಕೂತಳು. ನೆರಳು ಮಾಡಿಕೊಂಡು ಕೂತಳು. ಅಲ್ಲಿಂದಲೇ ಮೆಲ್ಲಗೆ ಮಿಕ್ಕದ್ದು ಹೇಳಿದಳು: ನಾಯಿ ಓಡಿಸಿ, ಜನರನ್ನು ದೂರ ಇಡಿ, ನೀವೇ ನೀರಿಗೆ ತಳ್ಳಬೇಡಿ, ತಿಳಿದವರಿಗೆ ಹೇಳಿ ಕಳಿಸಿ, ಬರುವ ತನಕ ಕಾಯಿರಿ. ಹಿಂದಿನ ಸಾಲಿನವರಿಗೂ ಕೇಳಿಸಿತಂತೆ.

ನನ್ನನ್ನು ಎಬ್ಬಿಸಿ ನಿಲ್ಲಿಸಿದಾಗ ಹಲ್ಲು ಕಟಕಟ ಅನ್ನುತ್ತಿತ್ತು. ಮೇಡಂ ಬಂದರು. ನಾನು ಕೈ ಮುಗಿದು, "ಅಮ್ಮಾ, ಕೂಸಿಂದು ಏನೂ ಇಲ್ಲ. ನನ್ನ ಕಿವೀದು ತಪ್ಪು" ಅಂದೆ.

"ನಿಮ್ಮ ಕಿವಿಯ ಮೇಲೆ ನನಗೆ ಸಿಟ್ಟು ಬಂದದ್ದು ಹೌದು ಮಾರಾಯ್ರೆ" ಅಂದರು ಮೇಡಂ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕೆಳಗೆ ನಾವು ಎಷ್ಟು ಬೊಬ್ಬೆ ಹೊಡೆದರೂ ಘಟ್ಟದ ಮೇಲಿನವರು ಒಂದು ಹೆಜ್ಜೆ ಸರಿಯುವುದಿಲ್ಲ. ನೀನು ಒಂದು ಮಾತಿಗೆ ಸರಿಸಿದೆ. ಇಷ್ಟು ದಿನ ನಿನ್ನೂರಿನ ಈ ಮಾತನ್ನು ಎಲ್ಲಿ ಅಡಗಿಸಿ ಇಟ್ಟಿದ್ದೆ? ನಾಡಿದ್ದಿನಿಂದ ಕೆಲಸಕ್ಕೆ ಬಾ. ಕಲಿಯಲಿಕ್ಕೆ ಅಲ್ಲ, ಕೆಲಸಕ್ಕೆ."

ಮೊಮ್ಮಗಳು ಅವರ ಮುಖ ನೋಡಿದಳು, ಅವಳಪ್ಪನ ಮುಖ ನೋಡಿದಳು. ಮಗ ತನ್ನ ಸ್ವೆಟರ್ ಬಿಚ್ಚಿ ನನ್ನ ತಲೆಯ ಮೇಲಿಂದ ತೊಡಿಸಿದ. ತೊಡಿಸುತ್ತಾ, "ಸರಿ, ಹೋಗ್ಲಿ ಬಿಡಪ್ಪ, ಇನ್ನು ಹಾಸನ, ಬಿ.ಎಡ್. ಮಾತು ಬ್ಯಾಡ" ಅಂದ. ಬೀಗರು ಬಂದು ಆ ಹಾರವನ್ನು ಅವಳ ಕೊರಳಿಗೆ ಹಾಕಿಯೇ ಬಿಟ್ಟರು. ನನ್ನನ್ನು ಮಾತ್ರ ನೋಡಲಿಲ್ಲ. ನಾನೂ ಅವರನ್ನು ನೋಡಲಿಲ್ಲ.

ಸಾಯಂಕಾಲ ಯಾರನ್ನೂ ಹೋಗಗೊಡಲಿಲ್ಲ ನನ್ನ ಹೆಂಡತಿ. ಮೇಡಂ, ಬೀಗರು, ನನ್ನ ಮಗಳು, ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ಮಧ್ಯೆ ಇಟ್ಟಳು. "ಕೂತಿರೋ ಕೈಗೆ ಕೆಲ್ಸ" ಅಂದಳು. ಎಲ್ಲರೂ ಸಿಪ್ಪೆಯಿಂದ ಬೇಳೆ ಹಿದುಕಿದರು. ಮೇಡಂ ಕೈಯಿಂದ ಬೇಳೆ ಪುಸಕ್ಕನೆ ಹಾರಿ ಬೀಗರ ಎದೆಗೆ ಬಡಿಯಿತು. ಬೀಗರು ಆವತ್ತು ಮೊದಲ ಸಲ ನಕ್ಕರು. ನಾನು ಗೋಡೆ ಕಡೆ ಕಂಬಳಿ ಹೊದ್ದು ಕೂತಿದ್ದೆ. ಊಟಕ್ಕೆ ಕರೆದರು, ಆಮೇಲೆ ತಿನ್ನುತ್ತೇನೆ ಅಂದೆ. ಎಲ್ಲರ ನಡುವೆ ಕೂರಲು ಮುಖ ಇರಲಿಲ್ಲ.

"ಬೀಗ್ರೇ, ಬನ್ನಿ. ನೀವು ಬರೋ ತನಕ ನಾನು ಕೈ ಅದ್ದಲ್ಲ" ಅಂದರು ಬೀಗರು, ತಟ್ಟೆ ನೋಡುತ್ತಾ.

ಹೋಗಿ ಕೂತೆ. ಮೊಮ್ಮಗಳು ಅವಳಜ್ಜಿಯನ್ನೂ ಅವಳಮ್ಮನನ್ನೂ ಸೆರಗು ಹಿಡಿದು ಕೂರಿಸಿಕೊಂಡಳು. ಬಡಿಸುವವರೇ ಇಲ್ಲ, ಎಲ್ಲರೂ ಕೂತವರೇ. ಮುದ್ದೆ ತಟ್ಟೆಯಿಂದ ತಟ್ಟೆಗೆ ಕೈದಾಟಿ ಬಂತು. ಬೆಲ್ಲದ ಪಾತ್ರೆಗೆ ಇರುವೆ ಮುತ್ತಿದ ಹಾಗೆ ಹಿದುಕವರೆ ಸಾರಿಗೆ ಎಲ್ಲರ ಕೈ. ಮೇಡಂ ಇನ್ನೂ ಅರ್ಧ ಮುದ್ದೆ ಬೇಕು ಅಂದಾಗ ನೋಡಿದರೆ ಮುದ್ದೆ ಮುಗಿದಿತ್ತು. ಸೊಸೆ ಎದ್ದು ಮತ್ತೆ ಎಸರಿಟ್ಟಳು. ನಾವೆಲ್ಲ ಒಣಗುತ್ತಿರುವ ಕೈ ಹಿಡಿದುಕೊಂಡು, ಒಬ್ಬರೂ ಏಳದೆ, ಹಿಟ್ಟು ಬೇಯುವ ತನಕ ಕಾದು ಕೂತೆವು.